ಹಣ್ಣಂಗಡಿಯ ಎತ್ತರದ ಸ್ಟೂಲು

ಹತ್ತೊಂಬತ್ತು ವರ್ಷ ಹಣ್ಣಿನ ನಡುವೆಯೇ ಬದುಕಿದ ಹೆಂಗಸಿಗೆ ಮಾರುಕಟ್ಟೆಯವರು ಇಟ್ಟ ಹೆಸರೇನು ಗೊತ್ತೇ? ಚೀಲದಕ್ಕ! ಹಣ್ಣಿನಕ್ಕ ಅನ್ನಬಹುದಿತ್ತು, ದೊಡ್ಡಕ್ಕ ಅನ್ನಬಹುದಿತ್ತು, ಯಾರ ನಾಲಿಗೆಯೂ ಸವೆಯುತ್ತಿರಲಿಲ್ಲ. ಆದರೆ ಗಿರಾಕಿಗಳ ಕಣ್ಣಿಗೆ ಬೀಳುತ್ತಿದ್ದುದು ಅವಳು ಚೀಲ ಬಿಡಿಸುವುದು, ಚೀಲ ತುಂಬುವುದು, ಚೀಲದ ಬಾಯಿ ಕಟ್ಟುವುದು, ಅಷ್ಟೇ. ಹಲಸಿನ ಅಂಟಾದರೂ ಎಣ್ಣೆ ಹಚ್ಚಿದರೆ ಬಿಡುತ್ತದೆ. ಈ ಹೆಸರು ಬಿಡಲಿಲ್ಲ.

ಅಂಗಡಿ ಇದ್ದದ್ದು ತಗಡಿನ ಮಾಡಿನ ದೊಡ್ಡ ಮಾರುಕಟ್ಟೆಯ ಮೂರನೇ ಸಾಲಿನ ಮೂಲೆಯಲ್ಲಿ. ಒಂದು ಪಕ್ಕ ಬೀಗ ರಿಪೇರಿಯವನು, ಇನ್ನೊಂದು ಪಕ್ಕ ಪ್ಲಾಸ್ಟಿಕ್ ಬಕೆಟ್ಟಿನವನು. ಮುಂದುಗಡೆ ಮೆಟ್ಟಿಲಿನಂಥ ಮೂರು ಹಲಗೆ, ಅವುಗಳ ಮೇಲೆ ಹಣ್ಣು. ಹಿಂದುಗಡೆ ಕಿಟಕಿಯಿಲ್ಲದ ಸಣ್ಣ ಕೋಣೆ, ಅಲ್ಲಿ ಹುಲ್ಲು ಹಾಸಿದ ಮರದ ಪೆಟ್ಟಿಗೆಗಳು. ಇವೆರಡರ ನಡುವೆ, ತಕ್ಕಡಿಯ ಪಕ್ಕದಲ್ಲಿ, ಒಂದು ಎತ್ತರದ ಸ್ಟೂಲು. ನಲವತ್ತು ವರ್ಷದಿಂದ ಆ ಸ್ಟೂಲಿನ ಮೇಲೆ ಕೂತಿದ್ದವರು ಚೀಲದಕ್ಕನ ಅತ್ತೆ. ಮಾರುಕಟ್ಟೆಗೆಲ್ಲ ಅವರು ಹಣ್ಣಜ್ಜಿ.

ಬೇರೆ ಅಂಗಡಿಗಳಲ್ಲಿ ಮೊದಲು ಕೇಳುವುದು "ಎಷ್ಟು ಕೆಜಿ?" ಅಂತ. ಈ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ ಬೇರೆ. "ಯಾವತ್ತು ತಿಂತೀರಿ?" ಗಿರಾಕಿ ದಿನ ಹೇಳಬೇಕು, ಹೊತ್ತು ಹೇಳಬೇಕು. ಆಮೇಲೆ ಅಜ್ಜಿ ಹಣ್ಣು ಆರಿಸುವರು. ಬುಧವಾರ ಸಂಜೆಗೆ ಅಂದರೆ ಬುಧವಾರ ಸಂಜೆಗೇ ಹದ. ಬೆಳಿಗ್ಗೆ ಕೊಯ್ದರೆ ಇನ್ನೂ ಸ್ವಲ್ಪ ಗಟ್ಟಿ, ಗುರುವಾರಕ್ಕೆ ಬಿಟ್ಟರೆ ಮೆತ್ತಗೆ. ಒಬ್ಬ ನಿವೃತ್ತ ಮೇಷ್ಟರು, ಜಿಪುಣಾಗ್ರೇಸರ, ಒಂದು ಸಲ ಬಂದು ಗುಟ್ಟಾಗಿ ಕೇಳಿದ್ದರು. "ಭಾನುವಾರ ನೆಂಟರು ಬರ್ತಾರೆ, ಸೋಮವಾರ ಬೆಳಿಗ್ಗೆ ಹೊರಡ್ತಾರೆ. ಅವರು ಇರೋವಾಗ ಕಾಯಿ, ಹೋದ ಮೇಲೆ ಹಣ್ಣು. ಅಂಥದ್ದು ಇದ್ಯಾ?" ಅಜ್ಜಿ ನಗಲೂ ಇಲ್ಲ. ಒಂದು ಪಪ್ಪಾಯ ಎತ್ತಿಕೊಟ್ಟರು. ಸೋಮವಾರ ಮಧ್ಯಾಹ್ನ ಮೇಷ್ಟರು ಬಾಯಿ ಒರೆಸಿಕೊಳ್ಳುತ್ತ ಬಂದು ಕೈ ಮುಗಿದು ಹೋದರು.

ಅಜ್ಜಿ ಆರಿಸುವುದು, ಸೊಸೆ ಚೀಲಕ್ಕೆ ತುಂಬುವುದು. ಇದು ಅಂಗಡಿಯ ಕ್ರಮ. ಸ್ಟೂಲಿನ ಮೇಲಿದ್ದವರ ಕೈಯಿಂದ ಹಣ್ಣು ಕೆಳಗೆ ಬರುತ್ತದೆ, ಕೆಳಗಿದ್ದವರು ಮರುಮಾತಿಲ್ಲದೆ ಚೀಲಕ್ಕೆ ಹಾಕುತ್ತಾರೆ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಚೀಲದಕ್ಕನ ಕಣ್ಣು ಆ ಸ್ಟೂಲಿನ ಮೇಲೆ ಬಿದ್ದಿತ್ತು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಒಂದಲ್ಲ ಒಂದು ದಿನ ತಾನು ಅಲ್ಲಿ ಕೂರಬೇಕು, ತನ್ನ ಬಾಯಿಂದ "ಯಾವತ್ತು ತಿಂತೀರಿ?" ಅಂತ ಬರಬೇಕು, ಎದುರಿಗಿದ್ದವರು ತನ್ನ ಕೈಯನ್ನೇ ನೋಡುತ್ತ ನಿಲ್ಲಬೇಕು. ಅವಳಿಗೆ ಬೇಕಾದದ್ದು ಇದಿಷ್ಟೇ.

ಕಲಿತಳೂ ಹಾಗೆಯೇ, ಹಟ ತೊಟ್ಟು. ಕೊಯ್ದ ಮೇಲೂ ಹಣ್ಣಾಗುವ ಜಾತಿ ಯಾವುದು, ಕೊಯ್ದ ದಿನವೇ ನಿಂತುಹೋಗುವ ಜಾತಿ ಯಾವುದು ಎಂಬುದರಿಂದ ಅಜ್ಜಿ ಶುರು ಮಾಡಿಸಿದ್ದರು. ಬಾಳೆ, ಪಪ್ಪಾಯ, ಸಪೋಟ, ಮಾವು ಇವೆಲ್ಲ ಮನೆಗೆ ಬಂದ ಮೇಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸ್ ಹಾಗಲ್ಲ, ಹುಳಿಯಾಗಿ ಬಂದದ್ದು ಹುಳಿಯಾಗಿಯೇ ಸಾಯುತ್ತದೆ. ದಾಳಿಂಬೆ ದುಂಡಗಿದ್ದರೆ ಒಳಗೆ ಇನ್ನೂ ತುಂಬಿಲ್ಲ, ಬದಿಗಳು ಮಟ್ಟಸವಾಗಿ ಮೂಲೆ ಎದ್ದಿದ್ದರೆ ಕಾಳು ಒತ್ತಾಗಿದೆ. ಕಿತ್ತಳೆಗೆ ಬಣ್ಣ ನೋಡಬಾರದು, ತೂಕ ನೋಡಬೇಕು. ಕಲ್ಲಂಗಡಿ ನೆಲಕ್ಕೆ ಮಲಗಿದ್ದ ಜಾಗ ಬೆಣ್ಣೆಯ ಬಣ್ಣಕ್ಕೆ ತಿರುಗಿರಬೇಕು, ಬೆಳ್ಳಗಿದ್ದರೆ ಅವಸರಕ್ಕೆ ಕಿತ್ತದ್ದು. ಸಪೋಟವನ್ನು ಉಗುರಿನಲ್ಲಿ ಗೀಚಿದಾಗ ಹಸಿರು ಕಂಡರೆ ಅದನ್ನು ಮುಟ್ಟಬೇಡ. ಸೀಬೆಯನ್ನು ನಂಬಲೇಬೇಡ, ಬೆಳಿಗ್ಗೆ ಹದವಾಗಿದ್ದದ್ದು ಸಂಜೆಗೆ ಇಡೀ ಅಂಗಡಿಗೆ ವಾಸನೆ ಹಬ್ಬಿಸುತ್ತದೆ. ಬೆಣ್ಣೆಹಣ್ಣು ಎಲ್ಲಕ್ಕಿಂತ ಮಾಟಗಾತಿ. ಬಲಿತಿದೆಯೋ ಇಲ್ಲವೋ ಅಂತ ಹೊರಗಿನಿಂದ ಹೇಳುವುದೇ ಇಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಬೀಜ ಲೊಟಲೊಟ ಅಂದರೆ ಬಲಿತಿದೆ, ಐದು ದಿನದಲ್ಲಿ ಹಣ್ಣಾಗುತ್ತದೆ. ಮೌನವಾಗಿದ್ದರೆ ಎಳಸು, ಹತ್ತು ದಿನ ಕಾಯಬೇಕು.

ಇನ್ನು ಸೇಬು. "ನೋಡೋಕೆ ಏನು ಸಾಧು! ತನ್ನ ಪಾಡಿಗೆ ತಾನು ಕೂತಿರುತ್ತೆ, ಪಕ್ಕದಲ್ಲಿದ್ದೋರನ್ನೆಲ್ಲ ಮಾಗಿಸಿಬಿಡುತ್ತೆ. ಇದನ್ನ ಯಾರ ಪಕ್ಕಾನೂ ಕೂರಿಸ್ಬೇಡ" ಅಂದಿದ್ದರು ಅಜ್ಜಿ. ಚೀಲದಕ್ಕ ಹತ್ತೊಂಬತ್ತು ವರ್ಷವೂ ಸೇಬನ್ನು ಮೂರನೇ ಹಲಗೆಯ ತುದಿಯಲ್ಲಿ, ಒಂಟಿಯಾಗಿ ಇಟ್ಟಳು.

ಇಷ್ಟೆಲ್ಲ ಗೊತ್ತಿದ್ದೂ ಅವಳು ಚೀಲದಕ್ಕನೇ. ಇರಲಿ, ಅಜ್ಜಿ ಇಳಿದ ದಿನ ಏರುವುದು ತಾನೇ ತಾನೆ ಅಂತ ಸಮಾಧಾನ ಮಾಡಿಕೊಂಡಿದ್ದಳು. ಅಷ್ಟರಲ್ಲಿ, ನಾಲ್ಕು ವರ್ಷದ ಹಿಂದೆ, ಮೈದುನನ ಮದುವೆಯಾಯಿತು. ವಾರಗಿತ್ತಿ ಬಂದಳು.

ಬಂದವಳು ಅದಕ್ಕೆ ಮುಂಚೆ ಗುಂಡಿ-ದಾರದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಸಾವಿರ ಗುಂಡಿಗಳ ರಾಶಿಯಲ್ಲಿ ಒಂದು ಅಂಗಿಗೆ ಹೊಂದುವ ಗುಂಡಿಯನ್ನು ಕಣ್ಣುಮುಚ್ಚಿ ತೆಗೆಯುವಷ್ಟು ನಯವಾದ ಬೆರಳು. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಅದೊಂದು ಬೇರೆ! ಮೊದಲ ತಿಂಗಳು ಹಲಗೆ ಒರೆಸಿದಳು, ಎರಡನೇ ತಿಂಗಳು ದ್ರಾಕ್ಷಿ ಬಿಡಿಸಿದಳು, ವರ್ಷ ತುಂಬುವುದರೊಳಗೆ ಅಜ್ಜಿ ಊಟಕ್ಕೆ ಎದ್ದಾಗ ಗಿರಾಕಿಗಳಿಗೆ ಹಣ್ಣು ಆರಿಸಿಕೊಡಲು ನಿಂತಳು. ಹೇಳಿ ಬಂದದ್ದಲ್ಲ, ಕೇಳಿ ಬಂದದ್ದಲ್ಲ. ಚೀಲದಕ್ಕ ಚೀಲ ಹುಡುಕುತ್ತಿದ್ದಳು, ಗಿರಾಕಿಗೆ ಅವಸರವಿತ್ತು, ಕಿರಿಯವಳು ಎರಡು ಪಪ್ಪಾಯ ಒತ್ತಿ ನೋಡಿ ಒಂದನ್ನು ಕೊಟ್ಟಳು. ಅದು ಹೇಳಿದ ದಿನಕ್ಕೆ ಹಣ್ಣಾಗಿಬಿಡಬೇಕೇ!

ಅಂದಿನಿಂದ ಶುರುವಾಯಿತು. "ಕಿರಿಯಮ್ಮ ಇಲ್ವಾ?" "ಅವರೇ ಆರಿಸಿಕೊಡ್ಲಿ, ಅವರ ಕೈಗುಣ ಚೆನ್ನಾಗಿದೆ." ಈ ಕೈಗುಣ ಎಂಬ ಮಾತು ಕೇಳಿದರೆ ಚೀಲದಕ್ಕನಿಗೆ ಮೈಯೆಲ್ಲ ಉರಿ. ನಾಲ್ಕು ವರ್ಷದ ಕೈಗೆ ಗುಣವಂತೆ, ಹತ್ತೊಂಬತ್ತು ವರ್ಷದ ಕೈಗೆ ಚೀಲವಂತೆ! ದಿನಕ್ಕೆ ಎಷ್ಟು ಜನ ಕಿರಿಯವಳನ್ನು ಕೇಳಿದರು ಅಂತ ಎಣಿಸತೊಡಗಿದಳು. ಹನ್ನೊಂದು. ಮರುದಿನ ಹದಿನಾಲ್ಕು. ಎಣಿಕೆ ಕಡಿಮೆಯಾದ ದಿನ ಮನೆಯಲ್ಲಿ ಎಲ್ಲರ ಮೇಲೂ ಪ್ರೀತಿ. ಒಂದು ಸಲ ಕಿರಿಯವಳು ಆರಿಸಿದ ಕಲ್ಲಂಗಡಿ ಒಳಗೆ ಬಿಳಿಚಿಕೊಂಡಿದ್ದು ಗಿರಾಕಿ ವಾಪಸು ತಂದು ಮುಖಕ್ಕೆ ಹಿಡಿದಾಗ ಚೀಲದಕ್ಕ ಮೂರು ದಿನ ನೆಲ ಒರೆಸುವಾಗಲೂ ಹಾಡು ಗುನುಗಿದಳು. ನಾನೇನೂ ಅವಳನ್ನು ಕೆಟ್ಟವಳು ಅನ್ನುತ್ತಿಲ್ಲ. ಕಿರಿಯವಳಿಗೆ ಜ್ವರ ಬಂದಾಗ ಗಂಜಿ ಕಾಯಿಸಿದವಳೂ ಅವಳೇ, ಕಾಲು ಒತ್ತಿದವಳೂ ಅವಳೇ. ಹಾಸಿಗೆಯಲ್ಲಿ ಮಲಗಿದ್ದ ವಾರಗಿತ್ತಿಯ ಮೇಲೆ ಅವಳಿಗೆ ಯಾವ ಕೋಪವೂ ಇರಲಿಲ್ಲ. ಅಂಗಡಿಯಲ್ಲಿ ನಿಂತ ವಾರಗಿತ್ತಿಯನ್ನು ಮಾತ್ರ ಕಂಡರಾಗುತ್ತಿರಲಿಲ್ಲ.

ಗಂಡನ ಹತ್ತಿರ ಹೇಳಿಕೊಂಡರೆ ಆ ಮಹಾರಾಯ ಹಣ್ಣಿನ ವ್ಯಾನ್ ಓಡಿಸುವವನು, ಅವನಿಗೆ ಎಲ್ಲವೂ ಲೋಡು. "ಯಾರು ಕೂತ್ರೇನು ಬಿಡೆ, ಸ್ಟೂಲು ತಾನೇ? ಬೇಕಿದ್ರೆ ಹೇಳು, ಬಡಗಿ ಹತ್ರ ಇನ್ನೊಂದು ಮಾಡಿಸ್ಕೊಡ್ತೀನಿ."

"ನಿಮ್ಮ ತಲೆ!" ಅಂದು ಅವಳು ಮಗ್ಗುಲಾದಳು.

ಹೀಗಿರುವಾಗ ಅಜ್ಜಿಯ ಬೆರಳುಗಳು ಜೋಮು ಹಿಡಿದವು. ಸಕ್ಕರೆ ಕಾಯಿಲೆ. ಜೀವಮಾನವೆಲ್ಲ ಊರಿಗೆ ಸಿಹಿ ಆರಿಸಿಕೊಟ್ಟ ಮುದುಕಿಗೆ ವೈದ್ಯರು ದಿನಕ್ಕೆ ಅರ್ಧ ಸೀಬೆ ಗೊತ್ತು ಮಾಡಿದ್ದರು. ಬಾಯಿ ಕಟ್ಟಿದ್ದನ್ನು ಅಜ್ಜಿ ಸಹಿಸಿಕೊಂಡಿದ್ದರು, ಬೆರಳು ಕೈಕೊಟ್ಟದ್ದನ್ನು ಸಹಿಸಲಾಗಲಿಲ್ಲ. ಪಪ್ಪಾಯ ಒತ್ತಿದರೆ ಮೆತ್ತಗಿದೆಯೋ ಗಟ್ಟಿಯಿದೆಯೋ ತಿಳಿಯದು. ಒಂದು ಭಾನುವಾರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದರು.

"ನನ್ನ ಬೆರಳು ಸತ್ತುಹೋಗಿದೆ. ಇನ್ನು ಆ ಸ್ಟೂಲಿನ ಮೇಲೆ ಕೂತು ಜನಕ್ಕೆ ಸುಳ್ಳು ಹೇಳಕ್ಕಾಗಲ್ಲ. ಬೇರೆಯವರು ಹತ್ತಬೇಕು."

ಚೀಲದಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಳು. ಮೈದುನ ಬಾಯಿ ಬಿಟ್ಟ. "ಜನ ಎಲ್ಲ ನಮ್ಮವಳನ್ನೇ ಕೇಳ್ತಾರಲ್ಲಮ್ಮ." ಕಿರಿಯವಳು ಗಂಡನ ಕೈ ಚಿವುಟಿದಳು. ಚೀಲದಕ್ಕನ ಗಂಡ ಅನ್ನ ಕಲಸುತ್ತಲೇ ಇದ್ದ. ಅವನ ಬಾಯಿಗೆ ಏನು ಬಡಿದಿತ್ತೋ!

"ಜನ ಕೇಳ್ತಾರೆ, ಗೊತ್ತು," ಅಂದರು ಅಜ್ಜಿ. "ಐಸ್‌ಕ್ರೀಮ್ ಅಂಗಡಿಯವನು ಶನಿವಾರದ ಮದುವೆ ಊಟಕ್ಕೆ ಎಂಬತ್ತು ಬೆಣ್ಣೆಹಣ್ಣು ಹೇಳಿದ್ದಾನೆ. ಎಂಬತ್ತೂ ಒಂದೇ ಹದಕ್ಕೆ ಬರಬೇಕು. ಈ ಆರ್ಡರು ಕಿರಿಯವಳೇ ನೋಡ್ಕೊಳ್ಲಿ, ಕಾಯಿ ಆರಿಸೋದರಿಂದ ಹಿಡಿದು ಎಲ್ಲ. ಹದವಾಗಿ ಬಂದ್ರೆ ಸ್ಟೂಲು ಅವಳದು. ಬರದಿದ್ರೆ ದೊಡ್ಡವಳದು. ಆಮೇಲೆ ಯಾರೂ ತುಟಿಪಿಟಕ್ ಅನ್ನಬಾರದು." ಆಮೇಲೆ ಚೀಲದಕ್ಕನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. "ನೀನು ಇದಕ್ಕೆ ಕೈ ಹಾಕ್ಬೇಡ. ಸುಮ್ನಿರು. ತಿಳೀತಾ?"

ತಿಳಿಯದೇ ಏನು? ಪರೀಕ್ಷೆಯೂ ಅವಳಿಗೆ, ಗೆಲುವೂ ಅವಳಿಗೆ. ತನಗೆ ಸಿಗುವುದು ಅವಳು ಸೋತು ಬಿಟ್ಟದ್ದು ಮಾತ್ರ. ಅದೂ ಮನೆಯವರೆಲ್ಲರ ಮುಂದೆ, ಕೈ ಹಾಕಬೇಡ ಅಂತ, ಮಕ್ಕಳಿಗೆ ಹೇಳಿದ ಹಾಗೆ! ಚೀಲದಕ್ಕ ಅಂದು ಪಾತ್ರೆ ತೊಳೆದ ಸದ್ದು ಮೂರು ಮನೆಗೆ ಕೇಳಿಸಿತು.

ಸೋಮವಾರ ವ್ಯಾನಿನಲ್ಲಿ ಬೆಣ್ಣೆಹಣ್ಣು ಬಂತು. ಕಿರಿಯವಳು ಒಂದೊಂದನ್ನೇ ತಿರುಗಿಸಿ ನೋಡಿ, ಹಸಿರು ಹೊಳೆಯುವಂಥ ಎಂಬತ್ತು ಕಾಯಿ ಆರಿಸಿ ಪೆಟ್ಟಿಗೆಗೆ ತುಂಬಿದಳು. ಚೀಲದಕ್ಕ ಮುಂದಿನ ಹಲಗೆಯ ಹತ್ತಿರ ದ್ರಾಕ್ಷಿ ತೂಗುತ್ತ ಇದ್ದಳು, ಆ ಕಡೆ ನೋಡಬಾರದು ಅಂತ ತೀರ್ಮಾನಿಸಿದ್ದಳು, ಆದ್ದರಿಂದ ನೋಡುತ್ತಲೇ ಇದ್ದಳು. ಅಜ್ಜಿ ಪೆಟ್ಟಿಗೆಯ ಮೇಲೆ ಬಾಗಿದರು. ಒಂದು ಕಾಯಿ ಎತ್ತಿದರು. ಕೆನ್ನೆಯ ಹತ್ತಿರ ತಂದರು. ಮತ್ತೊಂದು ಎತ್ತಿದರು, ಅದನ್ನೂ ಕೆನ್ನೆಗೆ ತಂದರು. ಆಮೇಲೆ ಕಿರಿಯವಳ ಬೆನ್ನು ತಟ್ಟಿ, ಏನೂ ಹೇಳದೆ ಬಂದು ಸ್ಟೂಲಿನ ಮೇಲೆ ಕೂತರು.

ಅಬ್ಬಾ! ಕಿರಿಸೊಸೆ ಆರಿಸಿದ್ದು ಅಂತ ಕಾಯಿಯನ್ನೂ ಕೆನ್ನೆಗೊತ್ತಿ ಮುದ್ದು ಮಾಡುತ್ತಾರಲ್ಲ! ಹತ್ತೊಂಬತ್ತು ವರ್ಷದಲ್ಲಿ ತನ್ನ ಬೆನ್ನಿನ ಮೇಲೆ ಆ ಕೈ ಬಿದ್ದದ್ದುಂಟೇ? ಚೀಲದಕ್ಕನ ಕಣ್ಣು ಮಂಜಾಯಿತು. ದ್ರಾಕ್ಷಿ ಕಾಲು ಕೆಜಿ ಹೆಚ್ಚು ತೂಗಿ ಕೊಟ್ಟಳು. ಗಿರಾಕಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

ಮಂಗಳವಾರ ಮಧ್ಯಾಹ್ನ ಎರಡೂವರೆ. ಮಾರುಕಟ್ಟೆ ತೂಕಡಿಸುವ ಹೊತ್ತು. ಬೀಗದವನು ಬಾಯಿ ತೆರೆದು ಮಲಗಿದ್ದ, ಅಜ್ಜಿ ಸ್ಟೂಲಿನ ಮೇಲೆಯೇ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದರು, ಕಿರಿಯವಳು ಟೀ ತರಲು ಹೋಗಿದ್ದಳು. ಚೀಲದಕ್ಕ ಮೂರನೇ ಹಲಗೆಯಿಂದ ಸೇಬು ಆರಿಸಿದಳು. ಎಂಟು ಸೇಬು, ಚೆನ್ನಾಗಿ ಕಳಿತು ಘಮ್ಮೆನ್ನುವಂಥವು. ಚೀಲದಲ್ಲಿ ಹಾಕಿಕೊಂಡಳು, ಇನ್ನೇನು, ಅವಳ ಕೈಯಲ್ಲಿ ಚೀಲ ಕಂಡರೆ ಯಾರು ತಾನೇ ಕೇಳುತ್ತಾರೆ? ಹಿಂದಿನ ಕೋಣೆಗೆ ಹೋಗಿ ಪೆಟ್ಟಿಗೆಯ ಬದಿಯಲ್ಲಿ ಕೈ ಇಳಿಸಿ, ಬೆಣ್ಣೆಹಣ್ಣುಗಳ ಅಡಿಯ ಹುಲ್ಲಿನಲ್ಲಿ ಒಂದೊಂದೇ ಸೇಬು ಹುದುಗಿಸಿದಳು. ಲೆಕ್ಕ ಅವಳಿಗೆ ಬಾಯಿಪಾಠ. ತಾನಾಗಿಯೇ ಶನಿವಾರಕ್ಕೆ ಹಣ್ಣಾಗಬೇಕಾದದ್ದು ಸೇಬಿನ ಸಂಗದಲ್ಲಿ ಗುರುವಾರಕ್ಕೇ ಹಣ್ಣು. ಶನಿವಾರ ಕೊಯ್ದರೆ ಒಳಗೆಲ್ಲ ಕಪ್ಪು, ನಾರು ನಾರು. ಐಸ್‌ಕ್ರೀಮಿನವನು ಮಾರುಕಟ್ಟೆ ಎದ್ದು ಕೂರುವ ಹಾಗೆ ಕೂಗಾಡುತ್ತಾನೆ.

ಕೈ ಮೇಲೆ ಬರುವಾಗ ನಾಲ್ಕಾರು ಕಾಯಿಗಳ ತಣ್ಣನೆ ಸಿಪ್ಪೆ ಮುಂಗೈಗೆ ತಾಗಿತು. ಬೆರಳು ಅಲ್ಲಿ ನಿಲ್ಲಲಿಲ್ಲ. ಹುಲ್ಲು ಸರಿಮಾಡಿ, ಹಣೆಯ ಬೆವರು ಒರೆಸಿಕೊಂಡು, ಕಿರಿಯವಳು ಟೀ ತರುವಷ್ಟರಲ್ಲಿ ಹೊರಗೆ ಬಂದು ನಿಂತಿದ್ದಳು.

"ಅಕ್ಕಾ, ನಿಮಗೆ ಸಕ್ಕರೆ ಜಾಸ್ತಿ ಹಾಕಿಸಿದ್ದೀನಿ," ಅಂದಳು ಕಿರಿಯವಳು, ಗುಳಿ ಬೀಳಿಸಿಕೊಂಡು.

ಚೀಲದಕ್ಕ ಆ ಟೀಯನ್ನು ಕೈಯಲ್ಲೇ ಆರಲು ಬಿಟ್ಟಳು. ಆದರೂ ಕುಡಿದಳು.

ಬುಧವಾರ ಕಳೆಯಿತು. ಗುರುವಾರ ಮಧ್ಯಾಹ್ನ ಕಿರಿಯವಳು ಹಿಂದಿನ ಕೋಣೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಇಷ್ಟಾಗಿತ್ತು. ಚೀಲದಕ್ಕನಿಗೆ ಒಳಗೊಳಗೇ ಹಿಗ್ಗು. ಮೆತ್ತಗಾಗಿರಬೇಕು! ಈಗಲೇ ಕೈಗೆ ಅಂಟಿರಬೇಕು!

ಕಿರಿಯವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕಾ, ಒಂಚೂರು ಬಂದು ಆ ಪೆಟ್ಟಿಗೆ ನೋಡ್ತೀರಾ? ನನಗ್ಯಾಕೋ ಭಯ ಆಗ್ತಿದೆ."

"ಅತ್ತೆ ಕೈ ಹಾಕ್ಬೇಡ ಅಂದಿದ್ದಾರಲ್ಲಮ್ಮ," ಅಂದಳು ಚೀಲದಕ್ಕ, ಮುಖದಲ್ಲಿ ಕರುಣೆಯನ್ನೆಲ್ಲ ತಂದುಕೊಂಡು. "ನಾನು ಹೇಗೆ ನೋಡ್ಲಿ? ನಿನ್ನ ಕೈಗುಣದ ಮೇಲೆ ನಿನಗೇ ನಂಬಿಕೆ ಇಲ್ವಾ?"

ಕಿರಿಯವಳು ಹಲಗೆ ಒರೆಸಲು ಹೋದಳು. ಆ ಎರಡು ದಿನ ಅವಳು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಶುಕ್ರವಾರ ಪೆಟ್ಟಿಗೆಯ ಮುಚ್ಚಳ ತೆಗೆಯುವ ಧೈರ್ಯವೇ ಬರದೆ, ಆ ಕೋಣೆಯ ಬಾಗಿಲಿಗೆ ಹೋಗಿ ಹೋಗಿ ವಾಪಸು ಬಂದಳು. ಚೀಲದಕ್ಕ ಮಾತ್ರ ಎರಡು ಹೊತ್ತೂ ಹೊಟ್ಟೆತುಂಬ ಉಂಡಳು.

ಶನಿವಾರ ಬೆಳಿಗ್ಗೆ ಐಸ್‌ಕ್ರೀಮ್ ಅಂಗಡಿಯವನು ಸ್ಕೂಟರು ನಿಲ್ಲಿಸಿ, ತೋಳು ಮಡಚಿಕೊಂಡೇ ಬಂದ. ಚೀಲದಕ್ಕ ಮುಂದಿನ ಸಾಲಿನಲ್ಲೇ ನಿಂತಿದ್ದಳು. ಈ ನೋಟ ತಪ್ಪಿಸಿಕೊಳ್ಳುವವಳಲ್ಲ ಅವಳು. ಕಿರಿಯವಳ ಗಂಡ ಪೆಟ್ಟಿಗೆ ಹೊತ್ತು ತಂದಿಟ್ಟ. ಐಸ್‌ಕ್ರೀಮಿನವನು ಮೇಲಿನಿಂದ ಒಂದು ತೆಗೆದು, ಚಾಕು ಹಾಕಿ ಸುತ್ತಲೂ ತಿರುಗಿಸಿ, ಎರಡು ಹೋಳು ಮಾಡಿದ.

ಅಂಚಿನಲ್ಲಿ ಎಳೆ ಹಸಿರು, ನಡುವೆ ಹಳದಿ. ಒಂದು ಕಪ್ಪು ಚುಕ್ಕೆಯಿಲ್ಲ. ಚಮಚ ಇಟ್ಟರೆ ತಾನಾಗಿಯೇ ಇಳಿಯಿತು. ಅವನು ನಡುವಿನಿಂದ ಒಂದು ಕೊಯ್ದ, ಅದೂ ಹಾಗೆಯೇ. ಬದಿಯಿಂದ ಒಂದು, ಅದೂ ಹಾಗೆಯೇ.

"ಏನು ಕೈಯಮ್ಮ ನಿಮ್ಮದು!" ಅಂದ. "ಎಂಬತ್ತೂ ಒಂದೇ ತಾಯಿ ಮಕ್ಕಳ ಹಾಗಿವೆ."

ಚೀಲದಕ್ಕ ಕತ್ತು ಚಾಚಿ ಆ ಹೋಳುಗಳನ್ನೇ ನೋಡಿದಳು. ಹೇಗೆ? ಲೆಕ್ಕ ಎಲ್ಲಿ ತಪ್ಪಿತು? ಎಂಟು ಸೇಬು, ನಾಲ್ಕು ದಿನ. ತಪ್ಪಲು ಸಾಧ್ಯವೇ ಇಲ್ಲ!

ಹಣ್ಣೆಲ್ಲ ಅವನ ಬುಟ್ಟಿಗೆ ಹೋಯಿತು, ಅವನೂ ಹೋದ. ಕಿರಿಯವಳು ಪೆಟ್ಟಿಗೆಯ ಹುಲ್ಲು ಕೊಡವಲು ಬಗ್ಗಿದಳು. ಒಂದು ಸೇಬು ಉರುಳಿ ನೆಲಕ್ಕೆ ಬಿತ್ತು. ಇನ್ನೊಂದು ಬಿತ್ತು. ಅವಳು ಹುಲ್ಲು ಕೆದಕಿ ಎಂಟನ್ನೂ ತೆಗೆದು ಮಡಿಲಿಗೆ ಹಾಕಿಕೊಂಡಳು. ಸೇಬು ನೋಡಿದಳು, ಚೀಲದಕ್ಕನನ್ನು ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡಿತು. ಈಗ ಬಂತು ಗ್ರಹಚಾರ ಅಂದುಕೊಂಡಳು ಚೀಲದಕ್ಕ.

"ಅತ್ತೆ," ಅಂದಳು ಕಿರಿಯವಳು, "ಸ್ಟೂಲು ನನ್ನದಲ್ಲ, ಅಕ್ಕನದು."

"ಏನೇ ಅದು?" ಅಂದರು ಅಜ್ಜಿ.

"ಗುರುವಾರ ನೋಡಿದಾಗ ಕಾಯಿ ಕಲ್ಲಿದ್ದ ಹಾಗಿತ್ತು ಅತ್ತೆ. ಶನಿವಾರಕ್ಕೆ ಬರೋ ಲಕ್ಷಣಾನೇ ಇರಲಿಲ್ಲ. ನಾನು ಎಳಸು ಆರಿಸಿಬಿಟ್ಟಿದ್ದೆ. ಬೆಣ್ಣೆಹಣ್ಣು ನನಗೆ ತಿಳಿಯಲ್ಲ, ಕೇಳೋಕೆ ನಾಚಿಕೆ ಆಯ್ತು. ಅಕ್ಕನಿಗೆ ಮೊದಲೇ ಗೊತ್ತಾಗಿದೆ. ನೀವು ಬೇಡ ಅಂದಿದ್ದಕ್ಕೆ ಯಾರಿಗೂ ಹೇಳದೆ ಸೇಬು ಇಟ್ಟು ನನ್ನ ಮಾನ ಉಳಿಸಿದ್ದಾರೆ. ಅವರು ಕೂರಬೇಕು ಅಲ್ಲಿ."

ಬಕೆಟ್ಟಿನವನು ಕತ್ತು ಉದ್ದ ಮಾಡಿದ. ಬೀಗದವನು ಕೈಕೆಲಸ ನಿಲ್ಲಿಸಿ "ಅಕ್ಕ ಅಂದ್ರೆ ಅಕ್ಕ ನೋಡಿ" ಅಂದ. ಅಜ್ಜಿ ಮೆಲ್ಲಗೆ ಸ್ಟೂಲಿನಿಂದ ಇಳಿದರು. ಸ್ಟೂಲು ಖಾಲಿಯಾಯಿತು. ನಡುವೆ ಇದ್ದದ್ದು ನಾಲ್ಕೇ ಹೆಜ್ಜೆ.

ಅಜ್ಜಿ ಹಿರಿಸೊಸೆಯ ಮುಖವನ್ನೇ ನೋಡಿದರು. "ಸೇಬು ಇಡೋ ಮುಂಚೆ ಕಾಯಿ ಅಲ್ಲಾಡಿಸಿ ನೋಡಿದ್ಯಾ?"

ಹೂಂ ಅಂದುಬಿಟ್ಟರೆ ಮುಗಿಯಿತು. ಎಲ್ಲರೂ ನಂಬುತ್ತಾರೆ. ಹೇಗಿತ್ತು ಅಂತ ಕೇಳಿದರೂ ಉತ್ತರ ಈಗ ಕಿರಿಯವಳೇ ಒದಗಿಸಿದ್ದಾಳೆ, ಎಳಸು ಅಂದರಾಯಿತು. ಹತ್ತೊಂಬತ್ತು ವರ್ಷ ಕಾದದ್ದು ಕೈಗೆ ಬರುತ್ತದೆ. ಚೀಲದಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಕಿರಿಯವಳು ಸೆರಗಿನಿಂದ ಸ್ಟೂಲಿನ ಧೂಳು ಒರೆಸಿ, "ಬನ್ನಿ ಅಕ್ಕಾ" ಅಂತ ನಕ್ಕಳು. ಕಣ್ಣೀರಿನಲ್ಲೇ ನಕ್ಕಳು. ಗುಳಿ ಬಿತ್ತು.

ಆ ಗುಳಿ ಕಂಡದ್ದೇ ತಡ, ಚೀಲದಕ್ಕನ ಹೊಟ್ಟೆಯಲ್ಲಿ ಬೆಂಕಿ ಭಗ್ಗೆಂದಿತು. ಇವಳು ಕೊಡುವುದಂತೆ, ನಾನು ತಗೊಳ್ಳುವುದಂತೆ! ಕೈಗುಣವೂ ಇವಳದು, ಒಳ್ಳೆಯತನವೂ ಇವಳದೇ ಆಗಬೇಕೇ? ಇವಳು ಧೂಳು ಒರೆಸಿ ದಾನ ಕೊಟ್ಟ ಸ್ಟೂಲಿನ ಮೇಲೆ ದಿನಾ ಬೆಳಗಾದರೆ ಕೂರಬೇಕೇ?

"ಇಲ್ಲ!" ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಅಲ್ಲಾಡಿಸಲಿಲ್ಲ, ಮುಟ್ಟಲೂ ಇಲ್ಲ. ಉಳಿಸಬೇಕು ಅಂತ ಇಟ್ಟಿದ್ದಲ್ಲ. ಕೊಳೀಲಿ ಅಂತ ಇಟ್ಟೆ. ನೀನು ಎಲ್ಲರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು ಅಂತ ಇಟ್ಟೆ. ಸಾಕಾ?"

ಬೀಗದವನು ಮತ್ತೆ ಅರ ಉಜ್ಜತೊಡಗಿದ. ಕಿರಿಯವಳ ನಗು ಹಾಗೇ ನಿಂತಿತ್ತು, ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಮಡಿಲ ಸೇಬುಗಳನ್ನು ಮೂರನೇ ಹಲಗೆಯ ತುದಿಗೆ ಒಯ್ದು ಒಂದೊಂದಾಗಿ ಜೋಡಿಸಿಟ್ಟಳು. ಚೀಲದಕ್ಕನ ಕಡೆ ತಿರುಗಿ ನೋಡಲಿಲ್ಲ.

ಅಜ್ಜಿ ಚೀಲದಕ್ಕನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಬೈಗುಳ ಬೀಳುತ್ತದೆ ಅಂತ ಅವಳು ಹಲ್ಲು ಕಚ್ಚಿ ನಿಂತಳು. ಅಜ್ಜಿ ಬೈಯಲಿಲ್ಲ. ಖಾಲಿ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

"ಸೋಮವಾರ ಆ ಕಾಯಿ ನಾನು ಕಿವಿಗೆ ಹಿಡಿದು ನೋಡಿದ್ದೆ," ಅಂದರು. "ಬೆರಳು ಸತ್ತಿದೆ, ಕಿವಿ ಸತ್ತಿಲ್ಲ. ಎರಡು ನೋಡಿದೆ, ಎರಡೂ ಮೌನ. ಶನಿವಾರಕ್ಕೆ ಕಲ್ಲಾಗಿಯೇ ಇರುತ್ತೆ ಅಂತ ಆಗಲೇ ಗೊತ್ತಾಯ್ತು. ಐಸ್‌ಕ್ರೀಮಿನವನಿಗೆ ತೊಂದರೆ ಆಗಬಾರದು ಅಂತ ಎದುರು ಮಂಡಿಯಲ್ಲಿ ಎಂಬತ್ತು ಹಣ್ಣು ತೆಗೆದಿಡೋಕೆ ಹೇಳಿದ್ದೆ. ಊರೆಲ್ಲ ಅವಳ ಹೆಸರು ಹೇಳ್ತಿತ್ತು, ನನ್ನ ಮಗನೂ ಹೇಳ್ತಿದ್ದ. ಹಾಗೇ ನಿನ್ನನ್ನ ಕೂರಿಸಿದ್ರೆ ದೊಡ್ಡವಳು ಅಂತ ಕೂರಿಸಿದರು ಅಂತಿದ್ರು. ಅವಳಿಗೆ ಬರದ ಹಣ್ಣು ಇದೊಂದೇ. ಅದಕ್ಕೇ ಇದನ್ನ ಅವಳ ಕೈಗೆ ಕೊಟ್ಟೆ. ಅದಕ್ಕೇ ನಿನಗೆ ಕೈ ಹಾಕ್ಬೇಡ ಅಂದೆ."

ಚೀಲದಕ್ಕನಿಗೆ ಸೋಮವಾರ ಕಂಡದ್ದು ಈಗ ನೆನಪಾಯಿತು. ಕೆನ್ನೆಗೊತ್ತಿ ಮುದ್ದು ಮಾಡಿದ್ದಲ್ಲ ಅದು. ತನಗೇ ಹೇಳಿಕೊಟ್ಟ ವಿದ್ಯೆ, ತಾನೇ ಸಾವಿರ ಸಲ ಮಾಡಿದ ಕೆಲಸ. ಕಣ್ಣೆದುರಿಗೇ ನಡೆದರೂ ಗುರುತು ಹಿಡಿಯಲಿಲ್ಲ.

"ಒಂದೇ ಒಂದು ಕಾಯಿ ಎತ್ತಿ ಅಲ್ಲಾಡಿಸಿದ್ರೆ ನಿನಗೆ ತಿಳೀತಿತ್ತು," ಅಂದರು ಅಜ್ಜಿ. "ಸುಮ್ನಿದ್ದಿದ್ರೂ ಸಾಕಿತ್ತು. ಈಗೇನು, ಭಾನುವಾರ ನಾನು ಎಲ್ಲರ ಮುಂದೆ ಆಡಿದ ಮಾತು ಆಡಿದ್ದೇ. ಹಣ್ಣು ಹದವಾಗಿ ಬಂತು."

ಸೋಮವಾರ ಕಿರಿಯವಳು ಸ್ಟೂಲು ಹತ್ತಿದಳು. ಅಜ್ಜಿ ಒಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ವಾರಗಿತ್ತಿಯರ ನಡುವೆ ಮಾತು ಎಷ್ಟು ಬೇಕೋ ಅಷ್ಟು. ಮೊದಲಿನ ಟೀ ಇಲ್ಲ, ಜಾಸ್ತಿ ಸಕ್ಕರೆ ಇಲ್ಲ. ಅಕ್ಕಾ ಎಂಬ ಕರೆ ಮಾತ್ರ ಇನ್ನೂ ಇತ್ತು, ಅಭ್ಯಾಸಬಲದಿಂದ ಇರಬಹುದು.

ಅಂಗಡಿಯಲ್ಲಿ ಒಂದು ಕ್ರಮ ಮಾತ್ರ ಬದಲಾಯಿತು. ಸ್ಟೂಲಿನಿಂದ ಬಂದ ಹಣ್ಣನ್ನು ಚೀಲದಕ್ಕ ಈಗ ಸುಮ್ಮನೆ ಚೀಲಕ್ಕೆ ಹಾಕುವುದಿಲ್ಲ. ಒತ್ತಿ ನೋಡುತ್ತಾಳೆ, ಮೂಸುತ್ತಾಳೆ, ಕಿವಿಗೆ ಹಿಡಿಯುವುದಾದರೆ ಕಿವಿಗೆ ಹಿಡಿಯುತ್ತಾಳೆ. ಗಿರಾಕಿಗಳು ಎಂಥ ಕಾಳಜಿ ಅಂತ ಹೊಗಳುತ್ತಾರೆ. ಕಾಳಜಿಯಂತೆ, ಮಣ್ಣು! ಒಂದು, ಒಂದೇ ಒಂದು ಹಣ್ಣು ತಪ್ಪಿ ಬರಲಿ ಅಂತ ಅವಳು ಕಾಯುತ್ತಿದ್ದಾಳೆ.

ಮೊನ್ನೆ ಆ ನಿವೃತ್ತ ಮೇಷ್ಟರು ಬಂದಿದ್ದರು.

"ಯಾವತ್ತು ತಿಂತೀರಿ?" ಅಂತ ಮೇಲಿನಿಂದ ಕೇಳಿತು.

"ಗುರುವಾರ ಸಂಜೆ," ಅಂದರು ಮೇಷ್ಟರು.

ಕಿರಿಯವಳು ಐದಾರು ಬೆಣ್ಣೆಹಣ್ಣು ಕಿವಿಗೆ ಹಿಡಿದು ಅಲ್ಲಾಡಿಸಿ, ಒಂದನ್ನು ಆರಿಸಿ ಕೆಳಗೆ ನೀಡಿದಳು. ಯಾರು ಹೇಳಿಕೊಟ್ಟರೋ ಏನೋ, ಕಲಿತುಬಿಟ್ಟಿದ್ದಳು. ಚೀಲದಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೊಟ್ಟಿನ ಹತ್ತಿರ ಒತ್ತಿದಳು, ಕಿವಿಗೆ ಹಿಡಿದು ಅಲ್ಲಾಡಿಸಿದಳು, ಇನ್ನೊಂದು ಸಲ ಅಲ್ಲಾಡಿಸಿದಳು. ಮೇಷ್ಟರು ಕಾಯುತ್ತಿದ್ದರು. ಸ್ಟೂಲಿನ ಮೇಲಿದ್ದವಳೂ ಬಗ್ಗಿ ನೋಡುತ್ತಿದ್ದಳು.

ಹಣ್ಣು ಸರಿಯಾಗಿತ್ತು. ಗುರುವಾರ ಸಂಜೆಗೆ ಸರಿಯಾಗಿಯೇ ಇತ್ತು. ಚೀಲದಕ್ಕ ಚೀಲ ಬಿಡಿಸಿ ಅದನ್ನು ಒಳಗೆ ಹಾಕಿದಳು.